ಕುದುರೆಯ ಬೆನ್ನು: ಬಲ, ನಿಲುವು ಮತ್ತು ನಮ್ಮ ಹೊಣೆ

ಮದುವೆಯ ಹಂಗಾಮು ಬಂದಿತೆಂದರೆ ನಮ್ಮ ಊರುಗಳ ಬೀದಿಗಳಲ್ಲಿ ಸಿಂಗರಿಸಿದ ಕುದುರೆ ಕಾಣಿಸಿಕೊಳ್ಳುತ್ತದೆ. ಹಣೆಗೆ ತುರಾಯಿ, ಕೊರಳಿಗೆ ಗೆಜ್ಜೆ, ಬೆನ್ನ ಮೇಲೆ ಜರಿಯ ಹೊದಿಕೆ. ಅದರ ಮೇಲೆ ಬಾಸಿಂಗ ಕಟ್ಟಿದ ಮದುಮಗ, ಕೆಲವೊಮ್ಮೆ ಅವನ ಮುಂದೆ ಒಂದು ಮಗು. ವಾದ್ಯದ ಅಬ್ಬರದ ನಡುವೆ ಕುದುರೆ ತಲೆಯನ್ನು ಮೇಲಕ್ಕೆತ್ತಿ, ಬಾಯಿ ತೆರೆದು, ಕಾಲು ಕುಣಿಸುತ್ತ ಸಾಗಿದಾಗ ನೋಡುವವರು ‘ಎಂಥ ಠೀವಿ’ ಎಂದು ಮೆಚ್ಚುತ್ತಾರೆ. ಕುದುರೆಯನ್ನು ಬಲ್ಲವರ ಕಣ್ಣಿಗೆ ಅದೇ ದೃಶ್ಯ ಬೇರೆಯಾಗಿ ತೋರುತ್ತದೆ. ಮೇಲೆತ್ತಿದ ತಲೆಯ ಹಿಂದೆ ಕೆಳಕ್ಕೆ ಕುಸಿದ ಬೆನ್ನು, ತೆರೆದ ಬಾಯಿಯಲ್ಲಿ ನೋವು ಕೊಡುವ ಕಡಿವಾಣ, ಕುಣಿಯುವ ಕಾಲಿನಲ್ಲಿ ಓಡಿಹೋಗಲಾರದ ಪ್ರಾಣಿಯ ಕಳವಳ ಅವರಿಗೆ ಕಾಣುತ್ತದೆ.

ಸವಾರಿಯ ಕುದುರೆಗೆ ಒಳ್ಳೆಯ ನಿಲುವು ಎಂದರೇನು, ಅದರ ಬೆನ್ನಿಗೆ ಬಲ ಹೇಗೆ ಬರುತ್ತದೆ ಎಂಬುದನ್ನು ತಿಳಿಯುವುದು ಕುದುರೆ ಸಾಕುವವರಿಗೆ ಮಾತ್ರ ಬೇಕಾದ ವಿದ್ಯೆಯೆಂದು ಭಾವಿಸಬೇಕಾಗಿಲ್ಲ. ಜಾತ್ರೆಯಲ್ಲಿ ಮಗುವನ್ನು ಕುದುರೆಯ ಮೇಲೆ ಕೂರಿಸುವ ತಂದೆತಾಯಿಗಳಿಗೂ, ಮೆರವಣಿಗೆಗೆ ಕುದುರೆ ಗೊತ್ತುಮಾಡುವ ಮನೆಯವರಿಗೂ ಇದು ತಿಳಿದಿರಬೇಕು. ಕುದುರೆಯ ದುಡಿಮೆಯಿಂದಲೇ ಬದುಕುವ ಕುಟುಂಬಕ್ಕಂತೂ ಅದರ ಬೆನ್ನೇ ಬಂಡವಾಳ. ಆ ಬೆನ್ನು ಮುರಿದರೆ ಮನೆಯ ಅನ್ನಕ್ಕೇ ಕುತ್ತು.

ಸವಾರನಿಗಾಗಿ ಹುಟ್ಟಿದ ಬೆನ್ನಲ್ಲ

ಕುದುರೆಯ ಬೆನ್ನು ಕೂರಲು ಮಾಡಿದ ಪೀಠದಂತೆ ಕಾಣುತ್ತದೆ. ಆದರೆ ಪ್ರಕೃತಿ ಅದನ್ನು ಆ ಉದ್ದೇಶಕ್ಕಾಗಿ ರಚಿಸಿಲ್ಲ. ಅದರ ಬೆನ್ನೆಲುಬು ಮುಂಗಾಲು ಹಿಂಗಾಲುಗಳ ನಡುವೆ ಚಾಚಿದ ಸೇತುವೆಯಂತಿದೆ. ಕತ್ತಿನಲ್ಲಿ 7, ಪಕ್ಕೆಲುಬುಗಳು ಕೂಡಿಕೊಳ್ಳುವ ಭಾಗದಲ್ಲಿ 18, ಸೊಂಟದಲ್ಲಿ ಸಾಮಾನ್ಯವಾಗಿ 6 ಮಣಿಗಳಿರುತ್ತವೆ. ಈ ಸೇತುವೆಯ ಕೆಳಗೆ ಹೊಟ್ಟೆ ಕರುಳುಗಳ ಭಾರ ಸದಾ ತೂಗಾಡುತ್ತಿರುತ್ತದೆ. ಅದರ ಮೇಲೆ ಸವಾರ ಕುಳಿತರೆ ಸೇತುವೆ ನಡುವಿನಲ್ಲಿ ಕೆಳಕ್ಕೆ ಬಾಗುತ್ತದೆ.

ಹಾಗೆ ಬಾಗದಂತೆ ಹಿಡಿದಿಡುವ ಏರ್ಪಾಡು ಕುದುರೆಯ ದೇಹದಲ್ಲಿಯೇ ಉಂಟು. ನೆತ್ತಿಯ ಹಿಂಭಾಗದಿಂದ ಹೊರಟ ದಪ್ಪನೆಯ ಅಸ್ಥಿರಜ್ಜುವೊಂದು ಕತ್ತಿನ ಮೇಲಂಚಿನಲ್ಲಿ ಸಾಗಿ, ಕತ್ತು ಮುಗಿದು ಬೆನ್ನು ಮೊದಲಾಗುವ ದಿಣ್ಣೆಯನ್ನು ಹಾದು, ಬೆನ್ನಿನುದ್ದಕ್ಕೂ ಮುಂದುವರಿಯುತ್ತದೆ. ಕುದುರೆ ತಲೆಯನ್ನು ತಗ್ಗಿಸಿ ಮುಂದಕ್ಕೆ ಚಾಚಿದಾಗ ಈ ಹುರಿ ಬಿಗಿಯಾಗಿ ಬೆನ್ನನ್ನು ಮೇಲಕ್ಕೆಳೆಯುತ್ತದೆ. ಕೆಳಗಿನಿಂದ ಹೊಟ್ಟೆಯ ಸ್ನಾಯುಗಳು ಬಿಗಿದು ಅದಕ್ಕೆ ಆಸರೆ ಕೊಡುತ್ತವೆ. ಹಿಂಗಾಲುಗಳು ದೇಹದ ಅಡಿಗೆ ಮುಂದುವರಿದು ಹೆಜ್ಜೆಯಿಟ್ಟರೆ ಆ ಆಸರೆ ಇನ್ನೂ ಗಟ್ಟಿಯಾಗುತ್ತದೆ. ಬಿಲ್ಲಿನ ದಂಡವನ್ನು ಹೆದೆ ಬಾಗಿಸಿ ಹಿಡಿದಂತೆ, ಬೆನ್ನೆಂಬ ಬಿಲ್ಲನ್ನು ಹೊಟ್ಟೆಯೆಂಬ ಹೆದೆ ಹಿಡಿದಿರುತ್ತದೆಂದು ಅಂಗರಚನಾಶಾಸ್ತ್ರಜ್ಞರು ಹೋಲಿಸುವುದುಂಟು.

ತಲೆಯನ್ನು ಬಲವಂತವಾಗಿ ಮೇಲಕ್ಕೆ ಜಗ್ಗಿದರೆ ಇದೆಲ್ಲವೂ ತಿರುವುಮುರುವಾಗುತ್ತದೆ. ಕತ್ತಿನ ಹುರಿ ಸಡಿಲುತ್ತದೆ, ಬೆನ್ನು ತಗ್ಗುತ್ತದೆ, ಹೊಟ್ಟೆ ಜೋಲುತ್ತದೆ, ಹಿಂಗಾಲು ಹಿಂದೆಯೇ ಉಳಿಯುತ್ತದೆ. ಬೆನ್ನೆಲುಬಿನ ಮಣಿಗಳ ಮೇಲುಚಾಚುಗಳು ಒಂದಕ್ಕೊಂದು ಹತ್ತಿರವಾಗಿ, ಕೆಲವು ಕುದುರೆಗಳಲ್ಲಿ ತಾಗಿ ಉಜ್ಜಿಕೊಂಡು, ತೀವ್ರವಾದ ನೋವನ್ನು ಉಂಟುಮಾಡುತ್ತವೆ. ನಿಂತಾಗಲೇ ಕುದುರೆಯ ತೂಕದ ಹೆಚ್ಚಿನ ಪಾಲು, ಸುಮಾರು ನೂರಕ್ಕೆ ಅರವತ್ತರಷ್ಟು, ಮುಂಗಾಲುಗಳ ಮೇಲಿರುತ್ತದೆ. ಬೆನ್ನು ಕುಸಿದ ಕುದುರೆಯ ಮೇಲೆ ಸವಾರನೂ ಕುಳಿತರೆ ಮುಂಗಾಲಿನ ಕೀಲುಗಳೂ ಬೇಗ ಸವೆಯುತ್ತವೆ. ಆದ್ದರಿಂದ ಕುದುರೆಯ ನಿಲುವು ಅಂದದ ಮಾತಷ್ಟೇ ಅಲ್ಲ, ಅದರ ಆಯುಷ್ಯದ ಮಾತು.

ಈ ನೆಲದ ಕುದುರೆಯ ನೆನಪು

ನಮ್ಮ ಪ್ರದೇಶ ಕುದುರೆಗೆ ಹೊಸದಲ್ಲ. ಆದವಾನಿಯ ಬೆಟ್ಟದ ಕೋಟೆ ವಿಜಯನಗರದ ಪ್ರಮುಖ ದುರ್ಗಗಳಲ್ಲೊಂದಾಗಿತ್ತು. 1565ರ ತಾಳಿಕೋಟೆಯ ಯುದ್ಧದ ಬಳಿಕ ಅದು ಬಿಜಾಪುರದ ಆದಿಲಶಾಹಿಗಳ ವಶವಾಯಿತು. 1688ರಲ್ಲಿ ಮೊಗಲರ ಪಾಲಾಯಿತು. 1786ರಲ್ಲಿ ಟಿಪ್ಪು ಸುಲ್ತಾನನು ಅದನ್ನು ಮುತ್ತಿ ಹಿಡಿದನು. ಇಷ್ಟು ಸೇನೆಗಳು ಬಂದುಹೋದ ಕೋಟೆಯ ಕೆಳಗೆ ಎಷ್ಟು ಕುದುರೆಗಳು ಕಟ್ಟಿದ್ದವೋ ಎಣಿಸಿದವರಾರು? ಮುಂದೆ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿದವು. ಗಡಿ ಬದಲಾದರೂ ರಾವುತ, ಲಾಯ, ಲಗಾಮು, ಹಲ್ಲಣ, ಲಾಳ ಮೊದಲಾದ ಮಾತುಗಳು ನಮ್ಮ ಮನೆಗಳ ಕನ್ನಡದಲ್ಲಿ ಉಳಿದಿವೆ. ಹೊಳಗುಂದದ ಬಳಿಯ ದೇವರಗಟ್ಟಿನಲ್ಲಿ ದಸರೆಯ ರಾತ್ರಿ ಸೇರುವ ಜನ ಪೂಜಿಸುವ ಮಾಳ ಮಲ್ಲೇಶ್ವರನು ಮೈಲಾರನ ಪರಂಪರೆಗೆ ಸೇರಿದವನು. ಮೈಲಾರನ ವಾಹನ ಕುದುರೆಯೆಂಬುದು ಮಕ್ಕಳಿಗೂ ಗೊತ್ತಿದೆ.

ಕುದುರೆಯ ಪಳಗಿಸುವಿಕೆಯನ್ನು ಶಾಸ್ತ್ರವಾಗಿ ಬರೆದಿಟ್ಟ ಪರಂಪರೆಯೂ ನಮ್ಮದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆ ಸವಾರಿಯ ವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ, ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟವೂ ಅಲ್ಲಿ ಬರುತ್ತದೆ. ಕುದುರೆಯನ್ನು ಸಾಧಿಸುವ ಬಯಲಿಗೆ ಹಳೆಯ ಕನ್ನಡದಲ್ಲಿ ‘ವೈಹಾಳಿ’ ಎಂಬ ಹೆಸರೇ ಇದೆ. ಸುಮಾರು 1400ರಲ್ಲಿ ಅಭಿನವಚಂದ್ರನೆಂಬ ಕವಿ ಅಶ್ವವೈದ್ಯದ ಕೃತಿಯನ್ನು ಕನ್ನಡದಲ್ಲಿಯೇ ಬರೆದನು. ಅಮರಕೋಶವನ್ನು ಕಲಿತ ಹಿರಿಯರಿಗೆ ಕುದುರೆಯ ಐದು ನಡೆಗಳಾದ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತಗಳ ಹೆಸರುಗಳು ಬಾಯಿಪಾಠವಾಗಿರುತ್ತವೆ.

ಆದರೂ ಇತಿಹಾಸ ಇನ್ನೊಂದು ಪಾಠವನ್ನೂ ಹೇಳುತ್ತದೆ. ವಿಜಯನಗರದ ಅರಸರು ಹೋರ್ಮುಜ್ ಮತ್ತು ಏಡನ್‌ಗಳಿಂದ ಕುದುರೆ ತರಿಸಲು ಅಪಾರ ಹೊನ್ನನ್ನು ಸುರಿದರು. ಸಾಳುವ ನರಸಿಂಹನು ಮೂರು ಕುದುರೆಗೆ ಸಾವಿರ ಪರ್ದಾವುಗಳಂತೆ ಕೊಂಡನೆಂದೂ, ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಕೊಟ್ಟನೆಂದೂ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಅದಕ್ಕೂ ಮೊದಲು 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿಗೆ ವರ್ಷವರ್ಷವೂ ಬಂದಿಳಿಯುವ ಕುದುರೆಗಳಲ್ಲಿ ಬಹುಪಾಲು ಸರಿಯಾದ ಆರೈಕೆಯಿಲ್ಲದೆ ಸಾಯುತ್ತವೆಂದು ಬರೆದನು. ಕೊಳ್ಳುವ ಹಣ ಒಂದು, ಕಾಯುವ ವಿದ್ಯೆ ಇನ್ನೊಂದು. ‘ಅರಸನ ಕುದುರೆ ಲಾಯದಲ್ಲೇ ಮುಪ್ಪಾಯಿತು’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಬೆನ್ನಿಗೆ ಬಲ ತುಂಬುವ ಕ್ರಮ

ಬೆನ್ನನ್ನು ಬಲಪಡಿಸುವ ಕೆಲಸ ಸವಾರಿಯಿಂದ ಆರಂಭವಾಗುವುದಿಲ್ಲ. ಮೊದಲು ಕುದುರೆಗೆ ನೋವಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮೈ ಉಜ್ಜುವಾಗ ಬೆನ್ನು ನಡುಗಿಸುವುದು, ಜೀನು ಬಿಗಿಯುವಾಗ ಕಿವಿಯನ್ನು ಹಿಂದಕ್ಕೆ ಒರಗಿಸಿ ಕಚ್ಚಲು ಬರುವುದು, ಸವಾರ ಹತ್ತಿದೊಡನೆ ಬೆನ್ನು ಕುಗ್ಗಿಸುವುದು, ನಡೆಯುವಾಗ ಬಾಲವನ್ನು ಬೀಸಿ ಬೀಸಿ ಹೊಡೆಯುವುದು ಇವೆಲ್ಲ ನೋವಿನ ಗುರುತುಗಳು. ಕಪ್ಪು ಅಥವಾ ಕೆಂಚು ಕುದುರೆಯ ಜೀನು ಕೂರುವ ಜಾಗದಲ್ಲಿ ಬಿಳಿಯ ಕೂದಲಿನ ಮಚ್ಚೆಗಳಿದ್ದರೆ, ಹಿಂದೆ ಅಲ್ಲಿ ಜೀನು ಒತ್ತಿ ಗಾಯವಾಗಿತ್ತೆಂದು ತಿಳಿಯಬೇಕು. ಹಲ್ಲು ಚೂಪಾಗಿದ್ದರೂ, ಗೊರಸು ಬೆಳೆದು ಓರೆಯಾಗಿದ್ದರೂ ಕುದುರೆ ಬೆನ್ನನ್ನು ಬಿಗಿಹಿಡಿಯುತ್ತದೆ. ಇಂಥ ಗುರುತು ಕಂಡರೆ ಪಶುವೈದ್ಯರಿಗೆ ತೋರಿಸಿದ ಬಳಿಕವೇ ಮುಂದಿನ ಅಭ್ಯಾಸ.

ಎರಡನೆಯದು ವಯಸ್ಸು. ಕುದುರೆಯ ಕಾಲಿನ ಎಲುಬುಗಳು ಬಲಿತ ಮೇಲೆಯೂ ಬೆನ್ನೆಲುಬಿನ ಬೆಳವಣಿಗೆ ಮುಂದುವರಿಯುತ್ತಿರುತ್ತದೆ. ಅದು ಪೂರ್ಣಗೊಳ್ಳುವುದು ಐದು ವರ್ಷ ಕಳೆದ ಮೇಲೆ. ಎತ್ತರ ಬೆಳೆದಿದೆಯೆಂದು ಎರಡು ವರ್ಷದ ಮರಿಯ ಮೇಲೆ ದೊಡ್ಡವರು ಹತ್ತುವುದು ಹಸಿಗೋಡೆಯ ಮೇಲೆ ಛಾವಣಿ ಹೊರಿಸಿದಂತೆ.

ಮೂರನೆಯದು ಜೀನು. ಅದು ಭುಜದ ಎಲುಬಿನ ಚಲನೆಗೆ ಅಡ್ಡಬರದಂತೆ ಹಿಂದಿರಬೇಕು. ಹಿಂದೆ ಕೊನೆಯ ಪಕ್ಕೆಲುಬನ್ನು ದಾಟಬಾರದು. ಬೆನ್ನೆಲುಬಿನ ನೇರ ಮೇಲೆ ಭಾರ ಬೀಳದೆ ಅದರ ಎರಡು ಪಕ್ಕದ ಮಾಂಸಖಂಡಗಳ ಮೇಲೆ ಸಮನಾಗಿ ಹರಡಬೇಕು. ಜೀನಿನ ನಡುವೆ ಬೆಳಕು ಹಾಯುವಷ್ಟು ಸಂದು ಇರಬೇಕೆಂಬುದು ಸುಲಭವಾದ ಪರೀಕ್ಷೆ.

ಇಷ್ಟಾದ ಮೇಲೆ ಅಭ್ಯಾಸ. ಮೊದಲ ಕೆಲವು ವಾರ ಸವಾರನಿಲ್ಲದೆ, ಹಗ್ಗ ಹಿಡಿದು ನಡೆಸುವುದೇ ಪಾಠ. ಕುದುರೆ ತಲೆ ತಗ್ಗಿಸಿ, ಉದ್ದನೆಯ ಹೆಜ್ಜೆಯಿಟ್ಟು, ಅವಸರವಿಲ್ಲದೆ ಅರ್ಧ ಗಂಟೆ ನಡೆಯಬೇಕು. ನೆಲದ ಆಯ್ಕೆಯೂ ಮುಖ್ಯ. ಮಳೆಗಾಲದಲ್ಲಿ ನಮ್ಮ ಎರೆಭೂಮಿ ಗೊರಸಿಗೆ ಅಂಟಿ ಕಾಲಿನ ನರಗಳನ್ನು ಜಗ್ಗುತ್ತದೆ. ಬೇಸಿಗೆಯಲ್ಲಿ ಅದೇ ಭೂಮಿ ಬಿರುಕುಬಿಟ್ಟು ಕಾಲು ಉಳುಕಿಸುತ್ತದೆ. ಹಗರಿಯ ಆಳವಾದ ಮರಳು ಬೇಗ ದಣಿಸುತ್ತದೆ. ಕೆಂಪು ನೆಲದ ಗಟ್ಟಿಯಾದ ಬಂಡಿದಾರಿ, ಬೆಟ್ಟದ ಬುಡದ ಸಣ್ಣ ಏರು ಇವು ಒಳ್ಳೆಯವು. ಏರು ಹತ್ತುವಾಗ ಹಿಂಗಾಲು ತಳ್ಳುವ ಬಲವನ್ನು ಕಲಿಯುತ್ತದೆ. ನಿಧಾನವಾಗಿ ಇಳಿಯುವಾಗ ಹೊಟ್ಟೆ ಮತ್ತು ಬೆನ್ನು ದೇಹವನ್ನು ತಡೆದು ಹಿಡಿಯುವುದನ್ನು ಕಲಿಯುತ್ತವೆ.

ಇದರ ಜೊತೆಗೆ ಗಜ್ಜರಿಯ ವ್ಯಾಯಾಮ. ಕುದುರೆಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಕೈಯಲ್ಲಿ ಗಜ್ಜರಿ ಹಿಡಿದು, ಅದರ ಗದ್ದ ಎದೆಗೆ ತಾಗುವಂತೆ ಒಮ್ಮೆ, ಮೊಣಕಾಲುಗಳ ನಡುವೆ ಬರುವಂತೆ ಒಮ್ಮೆ, ಗೊರಸಿನ ಬಳಿಗೆ ಇಳಿಯುವಂತೆ ಒಮ್ಮೆ, ಆ ಮೇಲೆ ಎಡ ಬಲ ಪಕ್ಕೆಗಳ ಕಡೆಗೆ ತಿರುಗುವಂತೆ ಕರೆಯಬೇಕು. ಪ್ರತಿಯೊಂದು ಭಂಗಿಯನ್ನೂ ಕೆಲವು ಕ್ಷಣ ಹಿಡಿಸಿ, ಐದೈದು ಸಲ ಮಾಡಿಸುವುದು ರೂಢಿ. ಇದು ನೋಡಲು ಮಕ್ಕಳಾಟದಂತಿದ್ದರೂ ಫಲ ದೊಡ್ಡದು. ಅಮೆರಿಕದ ಮಿಶಿಗನ್ ರಾಜ್ಯ ವಿಶ್ವವಿದ್ಯಾನಿಲಯದ ಸಂಶೋಧಕರು ವಾರಕ್ಕೆ ಐದು ದಿನದಂತೆ ಮೂರು ತಿಂಗಳು ಹೀಗೆ ಮಾಡಿಸಿ, ಬೆನ್ನೆಲುಬಿಗೆ ಅಂಟಿಕೊಂಡಿರುವ ಆಳದ ಸ್ನಾಯುಗಳು ದಪ್ಪವಾದುದನ್ನು ಅಳೆದು 2011ರಲ್ಲಿ ಪ್ರಕಟಿಸಿದರು. ಆ ಮೂರು ತಿಂಗಳಲ್ಲಿ ಕುದುರೆಗಳ ಮೇಲೆ ಯಾರೂ ಸವಾರಿ ಮಾಡಿರಲಿಲ್ಲ.

ಮುಂದಿನ ಹಂತದಲ್ಲಿ ನೆಲದ ಮೇಲೆ ನಾಲ್ಕೈದು ಸರ್ವೆಯ ಗಳುಗಳನ್ನು ಅಡ್ಡಲಾಗಿ, ಕುದುರೆಯ ಹೆಜ್ಜೆಯ ಅಂತರಕ್ಕೆ ತಕ್ಕಂತೆ ಇಟ್ಟು ಅವುಗಳ ಮೇಲೆ ನಡೆಸುತ್ತಾರೆ. ಗಳುವನ್ನು ನೋಡಲು ತಲೆ ತಗ್ಗುತ್ತದೆ, ದಾಟಲು ಕಾಲು ಮೇಲೇಳುತ್ತದೆ, ಎರಡರ ನಡುವೆ ಬೆನ್ನು ತಾನಾಗಿ ದುಂಡಾಗುತ್ತದೆ. ಬಳಿಕ ದೊಡ್ಡ ವೃತ್ತದಲ್ಲಿ ಎರಡು ಕಡೆಗೂ ಸಮನಾಗಿ ಕುಕ್ಕುಲೋಟ, ಕೆಲವೇ ಹೆಜ್ಜೆ ನೇರವಾಗಿ ಹಿಂದಕ್ಕೆ ಸರಿಯುವುದು, ಭುಜವನ್ನು ತುಸು ಒಳಕ್ಕೆ ತಂದು ಓರೆಯಾಗಿ ನಡೆಯುವುದು. ಈ ಕೊನೆಯದನ್ನು 18ನೆಯ ಶತಮಾನದ ಫ್ರೆಂಚ್ ಗುರು ಗೆರಿನಿಯೇರ್ ಬಳಕೆಗೆ ತಂದನು; ಇಂದಿಗೂ ಕುದುರೆಯ ದೇಹವನ್ನು ಸಡಿಲಗೊಳಿಸುವ ಮುಖ್ಯ ಪಾಠ ಅದೇ.

ಸವಾರ ಹತ್ತುವುದು ಇವೆಲ್ಲ ನೆಲೆಗೊಂಡ ಮೇಲೆ. ಆಗಲೂ ಲಗಾಮು ಸಡಿಲ, ಕತ್ತು ಮುಂದೆ ಮತ್ತು ಕೆಳಗೆ, ಸವಾರಿ ಹತ್ತು ಹದಿನೈದು ನಿಮಿಷ. ಜರ್ಮನರ ತರಬೇತಿ ಪದ್ಧತಿಯಲ್ಲಿ ಆರು ಮೆಟ್ಟಿಲುಗಳಿವೆ: ಲಯ, ಸಡಿಲಿಕೆ, ಬಾಯಿಯೊಡನೆ ಮೃದುವಾದ ಸಂಪರ್ಕ, ಹುರುಪು, ನೇರತೆ, ಕೊನೆಗೆ ಒಗ್ಗೂಡಿಕೆ. ತಲೆಯೆತ್ತಿ ಕತ್ತನ್ನು ಕಮಾನಾಗಿ ಬಾಗಿಸುವ ಬೆಡಗು ಕೊನೆಯ ಮೆಟ್ಟಿಲಿನ ಫಲ. ಹಿಂಗಾಲು ಭಾರ ಹೊರಲು ಕಲಿತಾಗ ಮುಂಭಾಗ ಹಗುರಾಗಿ ತಾನೇ ಮೇಲೇಳುತ್ತದೆ. ಅದನ್ನು ಕಡಿವಾಣದಿಂದ ಜಗ್ಗಿ ಮೊದಲ ದಿನವೇ ಪಡೆಯಲು ಹೊರಟರೆ ದೊರೆಯುವುದು ಆಕಾರ ಮಾತ್ರ, ಬಲವಲ್ಲ. ಸುಮಾರು 2,400 ವರ್ಷಗಳ ಹಿಂದೆಯೇ ಗ್ರೀಸಿನ ಕ್ಸೆನೊಫನ್ ತನ್ನ ಅಶ್ವವಿದ್ಯೆಯ ಪುಸ್ತಕದಲ್ಲಿ ಬಲವಂತವಾಗಿ ಮಾಡಿಸಿದ್ದರಲ್ಲಿ ಚೆಲುವಿರುವುದಿಲ್ಲವೆಂಬ ಅರ್ಥದ ಮಾತನ್ನು ಹೇಳಿದ್ದಾನೆ.

ಬೆಂಗಳೂರಿನಿಂದ ಟೋಕಿಯೊವರೆಗೆ

ಈ ತಾಳ್ಮೆಯ ವಿದ್ಯೆಗೆ ‘ಡ್ರೆಸಾಜ್’ ಎಂದು ಹೆಸರು. ಪಳಗಿಸುವುದು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಬೆಂಗಳೂರಿನಲ್ಲಿ ಬೆಳೆದ ಫವಾದ್ ಮಿರ್ಜಾ ಅವರು ಡ್ರೆಸಾಜ್, ಬಯಲೋಟ, ಅಡ್ಡಗಳ ನೆಗೆತ ಈ ಮೂರೂ ಸೇರಿದ ‘ಈವೆಂಟಿಂಗ್’ ಸ್ಪರ್ಧೆಯಲ್ಲಿ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಬೆಳ್ಳಿಯನ್ನೂ ತಂಡದೊಡನೆ ಇನ್ನೊಂದು ಬೆಳ್ಳಿಯನ್ನೂ ಗೆದ್ದರು. ಅವರ ತಂದೆ ಕುದುರೆಗಳ ಪಶುವೈದ್ಯರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೀನ್ಯೂರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಅಂತಿಮ ಸುತ್ತು ತಲಪಿ 23ನೆಯವರಾದರು. ಅದಕ್ಕೆ ಇಪ್ಪತ್ತು ವರ್ಷಗಳ ಹಿಂದಿನಿಂದ ಒಲಿಂಪಿಕ್ಸ್‌ನ ಕುದುರೆ ಸವಾರಿಯಲ್ಲಿ ಭಾರತದ ಹೆಸರೇ ಇರಲಿಲ್ಲ.

2023ರ ಸೆಪ್ಟೆಂಬರಿನಲ್ಲಿ ಚೀನಾದ ಹಾಂಗ್‌ಝೌನಲ್ಲಿ ಅನೂಷ್ ಅಗರ್‌ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಅವರ ಭಾರತ ತಂಡ ಡ್ರೆಸಾಜ್‌ನಲ್ಲಿ ಚಿನ್ನ ಗೆದ್ದಿತು. 1982ರ ದೆಹಲಿಯ ಕೂಟದ ಬಳಿಕ ಕುದುರೆ ಸವಾರಿಯಲ್ಲಿ ನಮಗೆ ಬಂದ ಮೊದಲ ಏಷ್ಯನ್ ಚಿನ್ನವದು. ಆ ಸ್ಪರ್ಧೆಯಲ್ಲಿ ವೇಗಕ್ಕೆ ಅಂಕವಿಲ್ಲ. ನಡೆಯ ಲಯಕ್ಕೆ, ಬೆನ್ನಿನ ಮೃದುತ್ವಕ್ಕೆ, ಸವಾರನ ಕಾಣದಂಥ ಸೂಚನೆಗೆ ಅಂಕ. ಉನ್ನತ ಮಟ್ಟದಲ್ಲಿ ಕುದುರೆ ನಿಂತಲ್ಲೇ ಲಯಬದ್ಧವಾಗಿ ಕಾಲೆತ್ತಿ ಕುಣಿಯುವ ಒಂದು ಪಾಠವೂ ಉಂಟು. ಅದು ನಮ್ಮ ಮೆರವಣಿಗೆಯ ಕುಣಿತದಂತೆಯೇ ತೋರಬಹುದು. ಆದರೆ ಅಲ್ಲಿ ಹಿಂಭಾಗ ತಗ್ಗಿರುತ್ತದೆ, ಬೆನ್ನು ದುಂಡಾಗಿರುತ್ತದೆ, ಬಾಯಿ ಶಾಂತವಾಗಿ ಮುಚ್ಚಿರುತ್ತದೆ. ಮತ್ತು ಅದರ ಹಿಂದೆ ಹಲವು ವರ್ಷಗಳ ಸಾಧನೆಯಿರುತ್ತದೆ.

ಲೆಕ್ಕ, ಕಾನೂನು ಮತ್ತು ಮದುವೆಯ ಮನೆ

ಶಾಲೆಯ ಚೀಲದ ತೂಕ ಮಗುವಿನ ತೂಕದ ನೂರಕ್ಕೆ ಹತ್ತನ್ನು ಮೀರಬಾರದೆಂದು 2020ರ ಶಾಲಾ ಚೀಲ ನೀತಿ ಹೇಳುತ್ತದೆ. ಕುದುರೆಗೂ ಇಂಥದೊಂದು ಮಿತಿಯನ್ನು ತಿಳಿದವರು ಪಾಲಿಸುತ್ತಾರೆ: ಸವಾರ ಮತ್ತು ಜೀನು ಕೂಡಿ ಅದರ ತೂಕದ ನೂರಕ್ಕೆ ಇಪ್ಪತ್ತನ್ನು ದಾಟಬಾರದು. ತಕ್ಕಡಿಯಿಲ್ಲದೆ ಕುದುರೆಯ ತೂಕ ತಿಳಿಯುವುದು ಹೇಗೆ? ಅದಕ್ಕೊಂದು ಸೂತ್ರವಿದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದರ ವರ್ಗ ಮಾಡಿ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಸುಮಾರಾಗಿ ಕಿಲೋಗ್ರಾಂಗಳಲ್ಲಿ ದೊರೆಯುತ್ತದೆ.

ಸುತ್ತಳತೆ 150, ಉದ್ದ 145 ಸೆಂಟಿಮೀಟರ್ ಇರುವ ಸಣ್ಣ ಕುದುರೆಯನ್ನು ತೆಗೆದುಕೊಳ್ಳೋಣ. 150ರ ವರ್ಗ 22,500. ಅದನ್ನು 145ರಿಂದ ಗುಣಿಸಿದರೆ 32,62,500. 11,880ರಿಂದ ಭಾಗಿಸಿದರೆ ಸುಮಾರು 275 ಕಿಲೋ. ಅದರ ಐದನೆಯ ಒಂದು ಪಾಲು 55 ಕಿಲೋ. ಎಪ್ಪತ್ತು ಕಿಲೋ ತೂಗುವ ಮದುಮಗ, ಮುಂದೆ ಹದಿನೈದು ಕಿಲೋದ ಮಗು, ಕೆಳಗೆ ಹತ್ತು ಕಿಲೋದ ಜೀನು ಅಲಂಕಾರ ಸೇರಿದರೆ 95 ಕಿಲೋ. ಎಂಟನೆಯ ತರಗತಿಯ ವಿದ್ಯಾರ್ಥಿ ಮಾಡಬಲ್ಲ ಈ ಲೆಕ್ಕ ಮೆರವಣಿಗೆಯ ಕುದುರೆ ಏಕೆ ಬೆನ್ನು ಕುಗ್ಗಿಸುತ್ತದೆಂಬುದನ್ನು ಹೇಳಿಬಿಡುತ್ತದೆ.

ಕಾನೂನು ಕೂಡ ಮೌನವಾಗಿಲ್ಲ. ಪ್ರಾಣಿಗಳಿಗೆ ಹಿಂಸೆಯಾಗದಂತೆ ತಡೆಯುವ 1960ರ ಕಾಯಿದೆಯಡಿ 1965ರಲ್ಲಿ ಬಂದ ನಿಯಮಗಳು ತಟ್ಟುಕುದುರೆ ಹೊರುವ ಹೇರಿಗೆ 70 ಕಿಲೋ ಮಿತಿ ಹಾಕಿವೆ. ಮುಳ್ಳು ಅಥವಾ ಗುಬುಟುಗಳಿರುವ ಕಡಿವಾಣವನ್ನು ನಿಷೇಧಿಸಿವೆ. ಭಾರ ಹೊರುವ, ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ ಐದು ಗಂಟೆ ಮೀರಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು ಎಂದೂ ಅವು ವಿಧಿಸುತ್ತವೆ. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲನ್ನು ಬಲ್ಲವರಿಗೆ ಈ ಕೊನೆಯ ನಿಯಮದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಇದನ್ನೆಲ್ಲ ಕುದುರೆಯವನ ಮೇಲಿನ ದೂರೆಂದು ಯಾರೂ ತಿಳಿಯಬಾರದು. ಹುರುಳಿ, ಮೇವು, ಲಾಳಗಳ ಖರ್ಚನ್ನು ಹೊತ್ತು, ವರ್ಷದಲ್ಲಿ ಕೆಲವೇ ತಿಂಗಳ ಸಂಪಾದನೆಯಿಂದ ಕುದುರೆಯನ್ನೂ ಮನೆಯನ್ನೂ ಸಾಕುವವನು ಅವನು. ತಲೆಯೆತ್ತಿ ಕುಣಿಯುವ ಕುದುರೆಗೇ ಜನ ಹೆಚ್ಚು ಹಣ ಕೊಡುವರೆಂದಾದರೆ ಅವನು ಕುಣಿಸದೆ ಏನು ಮಾಡಿಯಾನು? ಕೇಳುವವರ ರುಚಿ ಬದಲಾದರೆ ಅವನ ಪದ್ಧತಿಯೂ ಬದಲಾಗುತ್ತದೆ. ಬೆನ್ನು ಗಟ್ಟಿಯಿರುವ ಕುದುರೆ ಹೆಚ್ಚು ವರ್ಷ ದುಡಿಯುತ್ತದೆಂಬುದು ಅವನಿಗೂ ಲಾಭದ ಮಾತೇ.

ಆದುದರಿಂದ ಮುಂದಿನ ಮದುವೆಗೆ ಕುದುರೆ ಗೊತ್ತುಮಾಡುವಾಗ ಕೆಲವು ಮಾತುಗಳನ್ನು ಕೇಳೋಣ. ಕುದುರೆಗೆ ಐದು ವರ್ಷ ತುಂಬಿದೆಯೇ? ಹೊದಿಕೆ ತೆಗೆದರೆ ಬೆನ್ನಿನ ಮೇಲೆ ಹುಣ್ಣಿದೆಯೇ? ಕಡಿವಾಣ ನುಣುಪಾಗಿದೆಯೇ? ಮೆರವಣಿಗೆಯನ್ನು ಬಿಸಿಲು ಇಳಿದ ಮೇಲೆ ಇಟ್ಟುಕೊಳ್ಳಬಹುದೇ? ಮದುಮಗನ ತೂಕ ಕುದುರೆಗೆ ಹೆಚ್ಚಾಗುವುದಾದರೆ ಅವನು ಕೊನೆಯ ನೂರು ಹೆಜ್ಜೆ ಮಾತ್ರ ಹತ್ತಲಿ, ಉಳಿದ ದಾರಿಯಲ್ಲಿ ಕುದುರೆ ಬರಿಯ ಅಲಂಕಾರದೊಡನೆ ಮುಂದೆ ನಡೆಯಲಿ. ಮಗುವನ್ನು ಬೇರೆಯಾಗಿ ಕೂರಿಸಲಿ. ಮೆರವಣಿಗೆಯ ನಡುವೆ ಒಂದು ಬಕೆಟ್ ನೀರು ಕೊಡುವುದು ಮದುವೆಯ ಖರ್ಚಿನಲ್ಲಿ ಲೆಕ್ಕಕ್ಕೇ ಬಾರದು. ಕುದುರೆ ತಲೆ ತಗ್ಗಿಸಿ, ಕಿವಿಯಾಡಿಸುತ್ತ, ನಿರಾಳವಾಗಿ ಹೆಜ್ಜೆಯಿಟ್ಟು ನಡೆದರೆ ಅದನ್ನೇ ಠೀವಿಯೆಂದು ಮಕ್ಕಳಿಗೆ ತೋರಿಸೋಣ.